ಅದೇ ಸೌಟಿನ ಸರಳು

ಕಬ್ಬಿಣವನ್ನು ಕರಗಿಸಿ ಅಚ್ಚಿಗೆ ಎರೆಯುವ ವಿದ್ಯೆಯಲ್ಲಿ ನಮ್ಮ ಕಾರ್ಖಾನೆಗೆ ನಾಲ್ಕು ಜನರ ನಡುವೆ ಒಂದು ಹೆಸರಿದೆ ಎಂದಾದರೆ, ಆ ಹೆಸರನ್ನು ತಮ್ಮ ಬೆವರಿನಿಂದ ದುಡಿದು ತಂದವರು, ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ಹಿರಿಯರು, ನಾವೆಲ್ಲ ಎರಕದ ಮೇಷ್ಟ್ರು ಎಂದೇ ಕರೆಯುವ ನಮ್ಮ ಕುಲುಮೆ ವಿಭಾಗದ ಮುಖ್ಯಸ್ಥರು. ಕುಲುಮೆಯ ಬಾಯಿಂದ ಹೊರಡುವ ಬಣ್ಣವನ್ನು ನೋಡಿಯೇ ಲೋಹ ಹದಕ್ಕೆ ಬಂದಿದೆಯೋ ಇಲ್ಲವೋ ಹೇಳಬಲ್ಲ ಅವರ ಕಣ್ಣಿನ ಬಗ್ಗೆ, ಮೂರು ತಲೆಮಾರಿನ ಕೆಲಸಗಾರರನ್ನು ತಿದ್ದಿದ ಅವರ ಗದರಿಕೆಯ ಬಗ್ಗೆ ಈ ಅಭಿನಂದನ ಸಂಪುಟದಲ್ಲಿ ಬರೆಯುವವರು ಬಹಳ ಮಂದಿ ಇದ್ದಾರೆ. ನಾನು ಅವರ ಬಲಗಾಲಿನ ಬಗ್ಗೆ ಬರೆಯುತ್ತೇನೆ. ಅನುಮತಿ ಕೇಳಿದಾಗ, "ಬರಿಯಯ್ಯಾ, ಮುಚ್ಚಿಟ್ಟು ಏನಾಗ್ಬೇಕಾಗಿದೆ? ಆದ್ರೆ ಸುಮ್ಸುಮ್ನೆ ಹೊಗಳ್ಬೇಡ," ಎಂದರು. ಹೊಗಳುವ ಅಭ್ಯಾಸ ನನಗೆ ಮೊದಲಿನಿಂದಲೂ ಕಡಿಮೆ, ಹಾಗಾಗಿ ಈ ಷರತ್ತು ನನಗೇನೂ ಭಾರವಾಗಲಿಲ್ಲ.

ನಾನು ಕಾರ್ಖಾನೆಯ ಪರೀಕ್ಷಾ ಕೊಠಡಿಗೆ ಸೇರಿದಾಗ ಮೇಷ್ಟ್ರು ಆಗಲೇ ನಡುವಯಸ್ಸು ದಾಟಿದ್ದರು. ನನ್ನ ಕೆಲಸ ಸರಳುಗಳನ್ನು ಮುರಿಯುವುದು. ಪ್ರತಿ ಎರಕದ ಜೊತೆಗೂ ಒಂದು ಸಣ್ಣ ಸರಳನ್ನು ಹೊಯ್ದು ನನ್ನ ಬಳಿಗೆ ಕಳಿಸುತ್ತಾರೆ. ಅದನ್ನು ಯಂತ್ರಕ್ಕೆ ಕಚ್ಚಿಸಿ ಎಳೆದು, ಎಷ್ಟು ಬಲಕ್ಕೆ ಮುರಿಯಿತು ಎಂದು ನೋಡಿ, ಆ ಎರಕವೆಲ್ಲ ಪಾಸೋ ಗುಜರಿಯೋ ಎಂದು ನಾನು ಹೇಳಬೇಕು. ಅಚ್ಚಿಗೆ ಲೋಹ ಹೊಯ್ದ ಸೌಟಿನಿಂದಲೇ ಸರಳನ್ನೂ ಹೊಯ್ಯಬೇಕೆಂಬುದು ನಿಯಮ. ಒಮ್ಮೆ ಪಂಪಿನ ಭಾಗಗಳನ್ನು ಎರೆಯುವಾಗ ಅಚ್ಚು ಮಾಡುವವನೊಬ್ಬ ಚೊಕ್ಕ ಲೋಹವನ್ನು ಬೇರೆ ಸೌಟಿನಲ್ಲಿ ತೆಗೆದು ಸರಳು ಹೊಯ್ದಿದ್ದ. ನನ್ನ ಯಂತ್ರ ಪಾಸೆಂದಿತು. ಮೇಷ್ಟ್ರು ಮಾತ್ರ ಸರಳನ್ನು ಕೈಯಲ್ಲಿ ತಿರುಗಿಸಿ ನೋಡಿ, ಅವನ ಮುಖ ನೋಡಿ, ಅಷ್ಟೂ ಎರಕವನ್ನು ಒಡೆಸಿ ಮತ್ತೆ ಕುಲುಮೆಗೆ ಹಾಕಿಸಿದರು. ಮೇಲಿನವರಿಗೆ ದೂರು ಕೊಡಲಿಲ್ಲ. ಊಟ ಬಿಟ್ಟು ಅವನ ಜೊತೆಗೇ ನಿಂತು ಎಲ್ಲವನ್ನೂ ಹೊಸದಾಗಿ ಎರೆದರು. "ಸರಳಿಗೆ ಸುಳ್ಳು ಹೇಳ್ಸಿದ್ರೆ ಪಂಪು ಯಾರ ಮನೆ ಮುಂದೋ ಒಡೆಯುತ್ತೆ ಕಣಪ್ಪಾ," ಎಂದಷ್ಟೇ ಅಂದರು. ಅವನು ಇಂದು ಅವರದೇ ವಿಭಾಗದಲ್ಲಿ ನಂಬಿಕೆಯ ಆಳು.

ಅವರು ಕಲಿಸಿದ ಇನ್ನೊಂದು ಪಾಠವನ್ನೂ ಇಲ್ಲೇ ಹೇಳಿಬಿಡಬೇಕು. ಇಬ್ಬರು ಹೊರುವ ಸೌಟಿನಲ್ಲಿ ಕಾದ ಲೋಹ ಹಿಡಿದು ನಡೆಯುವಾಗ ಯಾರೂ ತಮ್ಮ ಕಾಲನ್ನು ತಾವು ನೋಡಿಕೊಳ್ಳುವಂತಿಲ್ಲ. ತಲೆ ಬಗ್ಗಿಸಿದರೆ ಕೈ ವಾಲುತ್ತದೆ. ನಾನು ನಿನ್ನ ಕಾಲು ನೋಡುತ್ತೇನೆ, ನೀನು ನನ್ನದು ನೋಡು. ಹೊಸಬರು ಬಂದ ದಿನವೇ ಖಾಲಿ ಸೌಟು ಹೊರಿಸಿ ಇದನ್ನು ಅಭ್ಯಾಸ ಮಾಡಿಸುತ್ತಿದ್ದರು.

ಮೇಷ್ಟ್ರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ಹತ್ತು ಹದಿನೈದು ವರ್ಷದ ಹಳೆಯ ನೆಂಟ ಎಂದು ತಾವೇ ತಮಾಷೆ ಮಾಡುತ್ತಿದ್ದರು. ವರ್ಷಕ್ಕೊಮ್ಮೆ ಕಾರ್ಖಾನೆಯ ದವಾಖಾನೆಯಲ್ಲಿ ಖಾಲಿ ಹೊಟ್ಟೆಯ ರಕ್ತಪರೀಕ್ಷೆ ನಡೆಯುತ್ತಿತ್ತು, ಪ್ರತಿ ವರ್ಷವೂ ಅವರದು ಚೆನ್ನಾಗಿಯೇ ಬರುತ್ತಿತ್ತು. ಮೀಸೆ ತಿರುವಿಕೊಂಡು ಹೊರಗೆ ಬಂದು, ನಮ್ಮೆದುರಿಗೇ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿಸಿಕೊಳ್ಳುತ್ತಿದ್ದರು.

ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ನಾನು ಸರಳುಗಳಿಗಾಗಿ ಎರಕದ ಅಂಗಳಕ್ಕೆ ಹೋಗಿದ್ದೆ. ಮೇಷ್ಟ್ರು ಸೌಟಿನ ಒಂದು ತುದಿಯಲ್ಲಿದ್ದರು. ನಡೆಯುತ್ತಿದ್ದಾಗ ಲೋಹದ ಹನಿಯೊಂದು ಚಿಮ್ಮಿ ಅವರ ಬಲಗಾಲಿನ ಬೂಟಿನ ಹೊಲಿಗೆ ಬಿಟ್ಟ ಜಾಗದಲ್ಲಿ ಒಳಗೆ ಇಳಿಯಿತು. "ಮೇಷ್ಟ್ರೇ, ಕಾಲು!" ಎಂದು ಜೊತೆಗಾರ ಕೂಗಿದ. ಬೂಟಿನಿಂದ ಹೊಗೆ ಏಳುತ್ತಿತ್ತು, ಸುಟ್ಟ ವಾಸನೆ ನನ್ನವರೆಗೂ ಬಂತು. ತುಂಬಿದ ಸೌಟನ್ನು ಅರ್ಧದಲ್ಲಿ ಇಳಿಸುವಂತಿಲ್ಲ. ಮೇಷ್ಟ್ರು ಒಂದು ಹೆಜ್ಜೆಯೂ ತಪ್ಪದೆ ಅಚ್ಚಿನವರೆಗೆ ನಡೆದು, ಕೊನೆಯ ಹನಿಯವರೆಗೂ ಎರೆದು, ಆಮೇಲೆ ಬೂಟು ಬಿಚ್ಚಿದರು. ಅಂಗಳದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಎಂಥಾ ಗಟ್ಟಿ ಜೀವ ಎಂದು ನಾನೂ ಬಾಯಿ ತೆರೆದು ನಿಂತಿದ್ದೆ.

ಚಪ್ಪಾಳೆ ತಟ್ಟದೆ ನಿಂತವರು ಒಬ್ಬರೇ, ಉಗ್ರಾಣ ನೋಡಿಕೊಳ್ಳುವ ಸ್ಟೋರಿನಕ್ಕ. "ಅದು ಗಟ್ಟಿತನ ಅಲ್ಲ ಕಣೋ," ಎಂದು ನನ್ನ ತೋಳು ಹಿಡಿದುಕೊಂಡರು. "ಅವ್ರಿಗೆ ಉರಿ ಗೊತ್ತೇ ಆಗ್ಲಿಲ್ಲ, ಸಕ್ಕರೆಗೆ ಕಾಲು ಮರಗಟ್ಟಿದೆ. ನಮ್ಮಣ್ಣಂದೂ ಹೀಗೇ ಶುರುವಾಗಿದ್ದು." ಅವರ ಅಣ್ಣ ಮೊಣಕಾಲಿನ ಕೆಳಗೆ ಕಾಲಿಲ್ಲದೆ ಬದುಕಿದವರು. ಅಕ್ಕನಿಗೂ ಸಕ್ಕರೆ ಇತ್ತು, ನನಗೆ ಆಗಷ್ಟೇ ಬಂದಿತ್ತು.

ದವಾಖಾನೆಯ ಡಾಕ್ಟರಮ್ಮ ಈ ಸಲ ಖಾಲಿ ಹೊಟ್ಟೆಯ ಲೆಕ್ಕವನ್ನು ನಂಬಲಿಲ್ಲ. ಕಳೆದ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ ಮಾಡಿಸಿದರು. ಏಳರ ಹತ್ತಿರ ಇರಬೇಕಾದದ್ದು ಹನ್ನೊಂದು ದಾಟಿತ್ತು. ಇದು ಹೇಗೆ ಸಾಧ್ಯ ಎಂದು ಮೇಷ್ಟ್ರು ಗುಡುಗಿದರೆ, ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಗುಟ್ಟು ಬಿಟ್ಟರು: "ಪರೀಕ್ಷೆಗೆ ಮುಂಚೆ ಎರಡು ದಿನ ನೀರು ಕುಡ್ಕೊಂಡು ಇರ್ತಾರೆ ಡಾಕ್ಟ್ರೇ. ಮುಗಿಸ್ಕೊಂಡು ಬಂದ್ರೆ ಸಿಹಿ ಡಬ್ಬ ಖಾಲಿ."

"ಪರೀಕ್ಷೆಗೆ ಅಂತ ತಯಾರಾಗೋದು ತಪ್ಪೇನ್ರೀ?" ಎಂದರು ಮೇಷ್ಟ್ರು.

ಅವರನ್ನು ಕೈಹಿಡಿದು ಕರೆತಂದಿದ್ದ ನಾನು ಬಾಗಿಲಲ್ಲೇ ನಿಂತಿದ್ದೆ. ಹಿರಿಯರ ಮಾತಿನ ನಡುವೆ ಬಾಯಿ ಹಾಕಬಾರದು, ಆದರೂ ತಡೆಯಲಾಗಲಿಲ್ಲ. "ಮೇಷ್ಟ್ರೇ, ಇದು ಬೇರೆ ಸೌಟಿನ ಸರಳು," ಎಂದೆ.

ಅವರು ನನ್ನನ್ನು ನೋಡಿದ ನೋಟವನ್ನು ನಾನು ಮರೆಯುವಂತಿಲ್ಲ. ಕೋಪ ಬಂದು, ಇಳಿದು, ಕೊನೆಗೆ ಆ ಮುಖದಲ್ಲಿ ಏನೂ ಉಳಿಯಲಿಲ್ಲ.

ಕಿರುಬೆರಳಿನ ಹತ್ತಿರದ ಗಾಯ ಮಾಯಲಿಲ್ಲ. ಸಕ್ಕರೆ ಇಳಿಯದಿದ್ದರೆ ಗಾಯ ಕೂಡುವುದಿಲ್ಲ, ಕೂಡದಿದ್ದರೆ ಮೊದಲು ಬೆರಳು, ಆಮೇಲೆ ಪಾದ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಕಾಲ ಮೇಲೆ ಭಾರ ಬೀಳಬಾರದೆಂದು ಆಡಳಿತದವರು ಮೇಷ್ಟ್ರನ್ನು ನನ್ನ ಕೊಠಡಿಯಲ್ಲಿ ಕುರ್ಚಿ ಹಾಕಿ ಕೂರಿಸಿದರು. ಮಧ್ಯಾಹ್ನದ ಸೈರನ್ ಆದ ಮೇಲೆ ಸ್ಟೋರಿನಕ್ಕ ನಮ್ಮಿಬ್ಬರನ್ನೂ ಉಗ್ರಾಣದ ಹಿಂದಿನ ಕೋಣೆಗೆ ಕರೆಸಿಕೊಂಡು ಬಾಗಿಲು ಹಾಕಿದರು.

"ಸೌಟಿನ ಪಾಠ ನಿಮ್ಮದೇ ಅಲ್ವಾ? ಇನ್ಮೇಲೆ ಇಲ್ಲೂ ಅದೇ. ಯಾರೂ ತಮ್ಮ ಕಾಲು ತಾವು ನೋಡ್ಕೊಳ್ಳೋ ಹಾಗಿಲ್ಲ."

ವಯಸ್ಸಿನಲ್ಲಿ ಕಿರಿಯಳಾದ ಹೆಂಗಸಿಗೆ ಕಾಲು ತೋರಿಸುವುದೇ ಎಂದು ಮೇಷ್ಟ್ರು ಮುಖ ತಿರುಗಿಸಿದರು. ಅಕ್ಕ ತಮ್ಮ ಬೂಟು, ಕಾಲುಚೀಲ ಕಿತ್ತೆಸೆದು, ಎರಡೂ ಪಾದಗಳನ್ನು ಸ್ಟೂಲಿನ ಮೇಲಿಟ್ಟು, "ನಂದು ಮೊದ್ಲು ನೋಡಿ. ನಾಚಿಕೆ ಎಲ್ಲಾ ಬೂಟಿನ ಜೊತೆ ಆಚೆ ಇಟ್ಬಿಡಿ," ಎಂದರು. ಮೇಷ್ಟ್ರು ಕನ್ನಡಕ ಏರಿಸಿ, ಎರಕದಲ್ಲಿ ಬಿರುಕು ಹುಡುಕುವ ಹಾಗೆ, ಬೆರಳ ಸಂದುಗಳನ್ನೆಲ್ಲ ನೋಡಿದರು. ಹಾಗೆ ಶುರುವಾಯಿತು. ಊಟದ ಡಬ್ಬಿಯನ್ನೂ ಒಬ್ಬರದು ಇನ್ನೊಬ್ಬರೇ ತೆರೆಯಬೇಕು. ನನ್ನ ಡಬ್ಬಿಯಿಂದ ಮೇಷ್ಟ್ರು ಅರ್ಧ ಅನ್ನ ತೆಗೆದಿಡುವಾಗ ನನಗೆ ಎಷ್ಟೋ ಸಲ ಮೈ ಉರಿದಿದೆ.

ಒಂದು ವಿಷಯಕ್ಕೆ ಮಾತ್ರ ಅವರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಮಾತ್ರೆ ಸಾಲದು, ಇನ್ಸುಲಿನ್ ಬೇಕೇ ಬೇಕು ಎಂದಿದ್ದರು ಡಾಕ್ಟರಮ್ಮ. ಸೂಜಿ ಹಿಡಿದವನ ಕಥೆ ಮುಗಿದ ಹಾಗೇ ಎಂಬುದು ಮೇಷ್ಟ್ರ ಹಟ. ಹೀಗಿರುವಾಗ ಒಂದು ದೊಡ್ಡ ಎರಕದ ದಿನ ಬಂತು. ನಾನು ಯಂತ್ರದ ಕಡೆ ತಿರುಗಿದ್ದಾಗ ಅವರ ಕುರ್ಚಿ ಖಾಲಿಯಾಯಿತು. ಓಡಿಹೋಗಿ ನೋಡಿದರೆ, ಬರಿಯ ಚಪ್ಪಲಿಯಲ್ಲಿ ಉಗ್ರಾಣದ ಕಿಟಕಿಯ ಮುಂದೆ ನಿಂತು, ಗಾಯವಾದಂದಿನಿಂದ ಅಕ್ಕ ಎತ್ತಿಟ್ಟಿದ್ದ ತಮ್ಮ ಬೂಟು ಕೇಳುತ್ತಿದ್ದರು. ಬೂಟಿಲ್ಲದೆ ಎರಕದ ಅಂಗಳಕ್ಕೆ ಯಾರಿಗೂ ಪ್ರವೇಶವಿಲ್ಲ. ಆ ಕಟ್ಟುಪಾಡು ತಂದವರೂ ಅವರೇ.

"ಕೊಡಲ್ಲ," ಎಂದರು ಅಕ್ಕ.

"ಅಲ್ಲಿ ಲೋಹ ಕಾಯ್ತಾ ಇದೆ ಕಣಮ್ಮಾ! ಕೊಡು ಅಂದ್ರೆ ಕೊಡು!"

"ಕಾಲು ತೋರ್ಸಿ, ಬೂಟು ತಗೊಳ್ಳಿ."

ಕಟ್ಟು ಬಿಚ್ಚಿದಾಗ ಕಿರುಬೆರಳು ಕಪ್ಪಾಗಿತ್ತು. ಹಿಂದಿನ ದಿನ ಅದು ಆ ಬಣ್ಣದಲ್ಲಿರಲಿಲ್ಲ. ಅಕ್ಕ ಕಿಟಕಿಯ ಹಿಂದಿನಿಂದ ತಮ್ಮ ಕೈಚೀಲ ತಂದು, ಇನ್ಸುಲಿನ್ ಪೆನ್ನು ತೆಗೆದು ಅವರ ಕಣ್ಣ ಮುಂದೆ ಹಿಡಿದರು. "ಆರು ವರ್ಷದಿಂದ ದಿನಾ ಚುಚ್ಕೋತಿದೀನಿ. ನಂದೇನು ಕಥೆ ಮುಗ್ದಿದ್ಯಾ? ನಮ್ಮಣ್ಣನೂ ನಿಮ್ಮ ಹಾಗೇ ಹಟ ಮಾಡ್ದ. ನನ್ನ ಕೈಲಿ ಇನ್ನೊಬ್ರನ್ನ ಹಾಗೆ ನೋಡಕ್ಕಾಗಲ್ಲ." ಹೇಳುತ್ತಲೇ ಅತ್ತುಬಿಟ್ಟರು. ಕುಲುಮೆಗೆ ಹೆದರದ ಮೇಷ್ಟ್ರು ಆ ಅಳುವಿಗೆ ಸೋತರು. "ಹೇಗೆ ಚುಚ್ಕೋಬೇಕು, ತೋರ್ಸಮ್ಮಾ," ಎಂದರು.

ಬೆರಳು ಉಳಿಯಲಿಲ್ಲ. ಅದನ್ನು ತೆಗೆದ ಶಸ್ತ್ರವೈದ್ಯರು, ಹೊಲಿಗೆ ಕೂಡಿದರೆ ಪಾದ ಉಳಿದಂತೆ, ಅದು ಅವರ ಸಕ್ಕರೆಗೆ ಬಿಟ್ಟದ್ದು ಎಂದರು. ದಿನವೂ ಕಟ್ಟು ಬಿಚ್ಚುವಾಗ ನಾನು ಮೊದಲು ಮೂಗಿನಿಂದ ನೋಡುತ್ತಿದ್ದೆ, ವಾಸನೆ ಬಂದರೆ ಕೆಟ್ಟಂತೆ ಎಂದು ಹೇಳಿದ್ದರು. ಮೇಷ್ಟ್ರು ನನ್ನ ಮುಖವನ್ನೇ ನೋಡುತ್ತ ಕೂತಿರುತ್ತಿದ್ದರು. ಎಷ್ಟು ದಿನ ಹೀಗೆ ನಡೆಯಿತೋ, ಹೊಲಿಗೆಯ ಅಂಚು ಒಂದು ದಿನ ಕೆಂಪು ಬಿಟ್ಟು ತಿಳಿಯಾಯಿತು.

ಮತ್ತೆ ಮೂರು ತಿಂಗಳ ಪರೀಕ್ಷೆ ಬಂದಾಗ ಅವರು ಉಪವಾಸ ಮಾಡಲಿಲ್ಲ. ಫಲಿತಾಂಶವನ್ನು ಡಾಕ್ಟರಮ್ಮನ ಬಾಯಿಂದ ಕೇಳಲು ಒಲ್ಲೆ ಎಂದು, ನನ್ನನ್ನೇ ಒಳಗೆ ಕಳಿಸಿ, ಹೊರಗಿನ ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತರು. ನಾನು ಹೊರಗೆ ಬಂದೆ.

"ಪಾಸಾ, ಗುಜರಿನಾ?"

"ಏಳಕ್ಕೆ ಇಳಿದಿದೆ. ಅದೇ ಸೌಟಿನ ಸರಳು, ಮೇಷ್ಟ್ರೇ. ಪಾಸು."

ಕಾರ್ಖಾನೆಯಲ್ಲಿ ಯಾರೂ ಕಾಣದ್ದನ್ನು ಆ ದಿನ ನಾವಿಬ್ಬರೂ ಕಂಡೆವು. ಮೇಷ್ಟ್ರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಅಲ್ಲಿಗೆ ಎಲ್ಲ ಮುಗಿಯಿತೆಂದು ಯಾರೂ ತಿಳಿಯಬಾರದು. ಈ ಕಾಯಿಲೆ ಹೋಗುವುದಿಲ್ಲ, ಹದದಲ್ಲಿ ಇರುತ್ತದೆ, ಕಣ್ಣು ತಪ್ಪಿದರೆ ಹದ ತಪ್ಪುತ್ತದೆ. ಹೋದ ವರ್ಷ ಸ್ಟೋರಿನಕ್ಕನ ಹಿಮ್ಮಡಿಯಲ್ಲಿ ಅವರಿಗೇ ಗೊತ್ತಿಲ್ಲದ ಒಂದು ಗುಳ್ಳೆಯನ್ನು ಕಂಡುಹಿಡಿದು, ಆ ಕ್ಷಣವೇ ದವಾಖಾನೆಗೆ ಎಳೆದುಕೊಂಡು ಹೋದವರು ಇದೇ ಮೇಷ್ಟ್ರು.

ನಿವೃತ್ತರಾಗುವವರು ಬೂಟನ್ನು ಉಗ್ರಾಣಕ್ಕೆ ಒಪ್ಪಿಸಿ ಹೋಗಬೇಕು. ಮೊನ್ನೆ ಮೇಷ್ಟ್ರು ಉಜ್ಜಿ ಹೊಳಪು ಬರಿಸಿದ ಬೂಟುಗಳನ್ನು ತಂದು ಕಿಟಕಿಯಲ್ಲಿಟ್ಟರು. ಅಕ್ಕ ಬೂಟುಗಳನ್ನು ಒಳಗೆ ತೆಗೆದುಕೊಂಡು, "ಬೂಟು ಇಲ್ಲಿರ್ಲಿ. ಕಾಲು ಮಾತ್ರ ಮಧ್ಯಾಹ್ನದ ಸೈರನ್ನಿಗೆ ಬರ್ಬೇಕು. ಗೇಟಿನವ್ರಿಗೆ ಹೇಳಿದೀನಿ," ಎಂದರು.

ಪೂಜ್ಯರಾದ ಎರಕದ ಮೇಷ್ಟ್ರಿಗೆ ಆಯುಷ್ಯ, ಆರೋಗ್ಯ, ಮಡದಿ ಮಕ್ಕಳೊಡನೆ ನೆಮ್ಮದಿಯ ದಿನಗಳು ದೊರೆಯಲಿ ಎಂದು ಈ ಸಂಪುಟದ ಎಲ್ಲ ಲೇಖಕರಂತೆ ನಾನೂ ಮನಸಾರೆ ಹಾರೈಸುತ್ತೇನೆ. ವಿಶ್ರಾಂತಿ ದೊರೆಯಲಿ ಎಂದು ಮಾತ್ರ ಹಾರೈಸಲಾರೆ, ಅದರಲ್ಲಿ ನನ್ನ ಸ್ವಾರ್ಥವಿದೆ. ಕಳೆದ ತಿಂಗಳಿನಿಂದ ನನ್ನ ಎಡಪಾದದ ಅಡಿಯಲ್ಲಿ ಚುಚ್ಚಿದರೂ ಗೊತ್ತಾಗದ ಜಾಗವೊಂದಿದೆ. ಅದನ್ನು ಮೊದಲು ಕಂಡುಹಿಡಿದವರು ಅವರು. ನಾಳೆಯೂ ಅವರೇ ನೋಡಬೇಕು.