ಶಾವಿಗೆಯ ಮುಯ್ಯಿ

ನಾನು ಬಿ.ಎ. ಎರಡನೇ ವರ್ಷದಲ್ಲಿದ್ದಾಗ ನಮ್ಮವ್ವ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಎಪ್ಪತ್ತರ ದಶಕದ ಕೊನೆಯ ಮಾತು. ಅಪ್ಪ ರಸ್ತೆ ರಿಪೇರಿಯ ಗ್ಯಾಂಗಿನಲ್ಲಿ ಆಳಾಗಿದ್ದ. ಜಗಳೂರಿನಿಂದ ಹೊನ್ನಾಳಿಗೆ ವರ್ಗವಾಗಿತ್ತು. ನಾವು ಸಾಮಾನು ಕಟ್ಟುವ ಮುಂಚೆಯೇ, ಅವ್ವನನ್ನು ಸಾಕಿ ಬೆಳೆಸಿದ್ದ ಅವಳ ಒಡಹುಟ್ಟಿದ ದೊಡ್ಡಕ್ಕ, ಜಗಳೂರಿನ ಪಕ್ಕದ ಸೊಕ್ಕೆ ಹಳ್ಳಿಯಲ್ಲಿ ತೀರಿಕೊಂಡಳು. ಆಮೇಲೆ ಎಮ್ಮೆ ಮಾರಿದೆವು. ಆಮೇಲೆ ಈ ಹೊಸ ಓಣಿ. ಎಲ್ಲವೂ ಒಂದರ ಬೆನ್ನಿಗೆ ಒಂದು.

ಅವ್ವ ತಲೆ ಬಾಚುವುದನ್ನು ಬಿಟ್ಟಳು. ರೊಟ್ಟಿ ಹಂಚಿನ ಮೇಲೆ ಕರಕಲಾದರೂ ನೋಡುತ್ತ ಕೂರುತ್ತಿದ್ದಳು. ಹೊಳೆಗಾಳಿ ಹಿಡಿಸಿಲ್ಲ ಎಂದರು ಕೆಲವರು, ದೃಷ್ಟಿ ಎಂದರು ಕೆಲವರು. ತಾಯಿತ ಕಟ್ಟಿಸಿದೆವು. ಡಾಕ್ಟರು ಕೆಂಪು ಟಾನಿಕ್ಕು ಬರೆದುಕೊಟ್ಟರು. ಅದು ಗೂಡಿನಲ್ಲಿ ಹಾಗೇ ಉಳಿಯಿತು. ಕೊನೆಗೆ ಅಪ್ಪ ತಲೆ ಎತ್ತದೆ ನನಗೆ ಹೇಳಿದ: "ಮನೆ ನೋಡಾಕೆ ಯಾರೂ ಇಲ್ಲ. ಕಾಲೇಜು ಬಿಟ್ಟುಬಿಡವ್ವ." ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದವಳು ನಾನೇ ಮೊದಲು. ದಾವಣಗೆರೆಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಓದುತ್ತಿದ್ದೆ. ರಜೆ ಮುಗಿಯುವವರೆಗೆ ನೋಡೋಣ ಎಂದಷ್ಟೇ ಹೇಳಿದೆ.

ಆ ಓಣಿಯಲ್ಲಿ ಹೆಂಗಸರನ್ನು ಅವರು ಬಂದ ಊರಿನ ಹೆಸರಿನಿಂದ ಕರೆಯುತ್ತಿದ್ದರು. ಎದುರುಮನೆಯ ದಪ್ಪ ಕನ್ನಡಕದ ಹಿರಿಯಳು ಚನ್ನಗಿರಿಯಕ್ಕ. ಮೂಲೆಮನೆಯ ನಗೆಗಾರ್ತಿ ನ್ಯಾಮತಿಯಕ್ಕ. ಅವ್ವನಿಗೆ ಮಾತ್ರ ಹೆಸರೇ ಬಿದ್ದಿರಲಿಲ್ಲ. ಹೊರಗೆ ಬಂದವಳಿಗಲ್ಲವೇ ಹೆಸರು.

ಬೇಸಿಗೆಯ ಒಂದು ಬೆಳಿಗ್ಗೆ ಚನ್ನಗಿರಿಯಕ್ಕ ಹೇಳದೆ ಕೇಳದೆ ಶಾವಿಗೆ ಮಣೆ ಹೊರಿಸಿಕೊಂಡು ಬಂದು ನಮ್ಮ ಜಗುಲಿಗೆ ಒರಗಿಸಿದಳು. ಗೆರೆ ಕೊರೆದ ಉದ್ದನೆಯ ಹಲಗೆ ಅದು. ಮೇಲೆ ಕೂತವಳು ಕಣಕವನ್ನು ಒತ್ತಿ ಹೊಸೆದರೆ ಎಳೆಗಳು ಕೆಳಗಿಳಿಯುತ್ತವೆ, ಕೆಳಗಿನವಳು ಹಿಡಿದು ಕೋಲಿಗೆ ಹಾಕುತ್ತಾಳೆ. ನಮ್ಮ ಮನೆಯಲ್ಲಿ ರವೆ ನೆನೆಹಾಕಿಲ್ಲ ಎಂದೆ. ನಾದಿದ ಕಣಕದ ಬೋಗುಣಿಯನ್ನೇ ನನ್ನ ಕೈಗಿಟ್ಟಳು. ಜೊತೆಗೆ ಬಂದ ಹೆಂಗಸರು ಯಾರೂ ಒಳಗೆ ಹೋಗಿ ಅವ್ವನಿಗೆ ಸಮಾಧಾನ ಹೇಳಲಿಲ್ಲ. ಜಗುಲಿಯಲ್ಲೇ ಕೂತು ಗಂಡಂದಿರ ಗೊರಕೆಯ ಸುದ್ದಿ ಆಡಿಕೊಂಡರು. ನನ್ನನ್ನು ಮಣೆ ಹತ್ತಿಸಿದರು. ನನ್ನ ಎಳೆಗಳು ಜನಿವಾರದಂತೆ ಸಣ್ಣಗೆ ಇಳಿಯುವ ಬದಲು ಜಾಳಿಗೆಯ ಹುರಿಯಂತೆ ದಪ್ಪಗೆ ಇಳಿದವು. ಬಿ.ಎ. ಓದಿದವರ ಶಾವಿಗೆ ಹಿಂಗೇ ಇರತೈತೆ ಎಂದು ನ್ಯಾಮತಿಯಕ್ಕ ಅವನ್ನು ಬೇರೆ ಕೋಲಿಗೆ ಹಾಕಿ ಎಲ್ಲರಿಗೂ ತೋರಿಸಿದಳು. ಬಾಗಿಲು ತೆರೆದೇ ಇತ್ತು. ಒಳಗೆ ಅವ್ವ ಮಗ್ಗುಲು ಬದಲಿಸಲಿಲ್ಲ.

ಹೊರಡುವಾಗ ಚನ್ನಗಿರಿಯಕ್ಕ ಹೊಸ್ತಿಲಲ್ಲಿ ನಿಂತು ಒಳಕ್ಕೆ ಹೇಳಿದಳು: "ನೋಡು ತಂಗಿ, ನಿಮ್ಮನಿಗೆ ಮುಯ್ಯಾಳು ಬಂದೀವಿ. ನಾಳೆ ನ್ಯಾಮತಿಯಾಕಿ ಮನಿ. ನೀನೇ ಬರಬೇಕು. ಮಗಳನ್ನ ಕಳಿಸಬ್ಯಾಡ, ಅವಳು ಹೊಸೆದ ಎಳಿಗೆ ಎಮ್ಮಿ ಕಟ್ಟಬಹುದು."

ಮುಯ್ಯಿ ಎಂದರೆ ಏನೆಂದು ಅವ್ವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಬಂದು ಮೈಮುರಿದು ದುಡಿದರೆ, ಅವರ ಮನೆಯ ಅದೇ ಕೆಲಸಕ್ಕೆ ತಿರುಗಿ ಹೋಗಲೇಬೇಕು. ಸೊಕ್ಕೆಯ ಹೊಲಗಳಲ್ಲಿ ಕಳೆ ಕಿತ್ತವಳು ಅವಳು. ಮುಯ್ಯಿ ತೀರಿಸದವಳ ಮನೆಯಲ್ಲಿ ನೀರು ಸಹ ಕುಡಿಯಬೇಡ ಎಂದು ದೊಡ್ಡಕ್ಕ ಅವಳಿಗೆ ಹೇಳಿ ಬೆಳೆಸಿದ್ದಳು.

ಮರುದಿನ ನಾನು ಅಂಗಳ ಗುಡಿಸುತ್ತಿದ್ದೆ. ಬೆನ್ನ ಹಿಂದೆ ಅವ್ವನ ದನಿ ಕೇಳಿತು. ಎಷ್ಟೋ ವಾರಗಳಿಂದ ಬಳಸದೆ ದನಿಗೆ ತುಕ್ಕು ಹಿಡಿದಂತಿತ್ತು.

"ಆಕಿ ಮನಿ ಯಾವುದು?"

ನಾನು ಪೊರಕೆ ಹಿಡಿದೇ ಮೂಲೆಮನೆಯತ್ತ ಕೈ ತೋರಿಸಿದೆ. ಅವ್ವ ಸ್ನಾನ ಮಾಡಿ, ಗಂಟುಗಟ್ಟಿದ ಕೂದಲನ್ನು ಬಿಡಿಸಿಕೊಂಡು, ಓಣಿಗೆ ಇಳಿದಳು. ಅಪ್ಪ ಬುತ್ತಿಗಂಟು ಕೈಯಲ್ಲಿ ಹಿಡಿದುಕೊಂಡು ಅವಳು ಮೂಲೆ ತಿರುಗುವವರೆಗೂ ನಿಂತೇ ಇದ್ದ.

ಅವತ್ತಿಡೀ ಮಾತಿಲ್ಲದೆ ಎಳೆ ಹಿಡಿದಳಂತೆ. ಅದರ ಮರುದಿನ ಇನ್ನೊಂದು ಮನೆ. ಅಲ್ಲಿ ಕಣಕ ನಾದುವುದನ್ನು ನೋಡಿ ತಡೆಯಲಾರದೆ, ನಮ್ಮ ಕಡೆ ಹಿಂಗಲ್ಲ ಎಂದು ಬೋಗುಣಿ ಎಳೆದುಕೊಂಡಳು. ಜಗಳೂರಿನ ಕೈ ಹೆಚ್ಚೋ ಚನ್ನಗಿರಿಯ ಕೈ ಹೆಚ್ಚೋ ಎಂದು ಜಗಳವೇ ಆಯಿತು. ಸಂಜೆಗೆ ಎಲ್ಲರ ಬಾಯಲ್ಲೂ ಅವಳು ಜಗಳೂರಕ್ಕ.

ಚನ್ನಗಿರಿಯಕ್ಕನ ಮನೆಯ ಸರದಿಗೆ ನಾನೂ ಹೋಗಿದ್ದೆ. ಅವ್ವ ಎಳೆ ಹಿಡಿಯುತ್ತ ದೊಡ್ಡಕ್ಕನ ಸುದ್ದಿ ತೆಗೆದಳು. ಅಕ್ಕ ತನ್ನ ಪಾಲಿನ ರೊಟ್ಟಿ ಮುರಿದು ಕೊಡುತ್ತಿದ್ದದ್ದು, ಕೊನೆಗೆ ಬಾಯಿಗೆ ನೀರು ಬಿಡಲೂ ತನಗೆ ಸಿಗದೇ ಹೋದದ್ದು. ಹೇಳುತ್ತ ಹೇಳುತ್ತ ಅಳು ಬಂತು. ಯಾರೂ ಸುಮ್ಮನಿರು ಎನ್ನಲಿಲ್ಲ, ಯಾರ ಕೈಯೂ ನಿಲ್ಲಲಿಲ್ಲ. ಚನ್ನಗಿರಿಯಕ್ಕ ಮಣೆಯ ಮೇಲಿಂದ ಹೇಳಿದಳು: "ಅಳು ತಂಗಿ. ಎಳಿ ಮಾತ್ರ ಹರೀಬ್ಯಾಡ."

ಅವ್ವ ಅಳುತ್ತಲೇ ನಕ್ಕಳು. ಎಳೆ ಹರಿಯಲಿಲ್ಲ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮತ್ತೆ ಗೋಡೆ ಕಡೆ ತಿರುಗಿದ ದಿನಗಳೂ ಇದ್ದವು. ಅಂಥ ದಿನ ನ್ಯಾಮತಿಯಕ್ಕ ಹೆಪ್ಪಿಗೆ ಮಜ್ಜಿಗೆ ಬೇಕೆಂದು ಬಂದು ಊಟದ ಹೊತ್ತಾದರೂ ಏಳುತ್ತಿರಲಿಲ್ಲ. ಮುಂದೆ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು ಖಿನ್ನತೆಯ ಪಾಠ ಮಾಡಿದರು. ಕಷ್ಟಗಳು ಒಟ್ಟೊಟ್ಟಿಗೆ ಬಿದ್ದಾಗ ಮನಸ್ಸು ಕುಸಿಯುವುದು, ಸುತ್ತ ಜನರಿದ್ದರೆ ತಡೆದುಕೊಳ್ಳುವುದು, ಎಲ್ಲ ಹೇಳಿದರು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ನಾನು ಹಾಳೆಗಟ್ಟಲೆ ಬರೆದೆ.

ಆ ಪಾಠ ಕೇಳಲು ನಾನು ಅಲ್ಲಿದ್ದೆ, ಅದು ದೊಡ್ಡದು. ರಜೆ ಮುಗಿದ ಬೆಳಿಗ್ಗೆ ಕಾಲೇಜು ಬಿಡುವ ಮಾತನ್ನು ಅಪ್ಪ ಎತ್ತಲೇ ಇಲ್ಲ. ಬಸ್ಸು ಹೋಗತೈತೆ ಏಳು ಎಂದು ಅವ್ವನೇ ಹೊದಿಕೆ ಎಳೆದಳು. ಡಬ್ಬಿ ಕಟ್ಟಿಕೊಟ್ಟಳು. ದಾವಣಗೆರೆಯಲ್ಲಿ ಮಧ್ಯಾಹ್ನ ಗೆಳತಿಯರ ನಡುವೆ ಡಬ್ಬಿ ತೆರೆದರೆ ಶಾವಿಗೆ ಉಪ್ಪಿಟ್ಟು. ಬೇರೆ ಕೋಲಿಗೆ ಹಾಕಿದ್ದ ನನ್ನ ಹುರಿಗಳನ್ನೇ ಹುಡುಕಿ ಬೇಯಿಸಿದ್ದಳು. ಅಗಿದು ಅಗಿದು ದವಡೆ ನೋಯಿತು. ಒಂದೆಳೆಯನ್ನೂ ಬಿಡದೆ ತಿಂದೆ.