ದೇವರ ಮುಂದೆ ಕೆಮಿಸ್ಟ್ರಿ ಚೀಟಿ

ಬರ್ಕ್ಲಿಯಲ್ಲಿ ಓದುತ್ತಿದ್ದ ಮಗಳಿಗೆ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ ಗ್ರೇಡ್ ಬಂತು. ಅದನ್ನೇ ಹಿಡಿದುಕೊಂಡು ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವುದೋ, ಕೋರ್ಸನ್ನು ಮತ್ತೊಮ್ಮೆ ಮಾಡುವುದೋ? ನನಗೆ ಅನುಮಾನವೇ ಇರಲಿಲ್ಲ. ಅವಳಿಗೂ ಇರಲಿಲ್ಲ, ಉತ್ತರ ಮಾತ್ರ ಬೇರೆ. ರಜೆಗೆ ಮನೆಗೆ ಬಂದವಳ ಜೊತೆ ವಾರವಿಡೀ ಜಗಳವಾಡಿ ಸಾಕಾಗಿ, "ದೇವ್ರ ಮುಂದೆ ಚೀಟಿ ಹಾಕೋಣ" ಎಂದೆ. ಅವಳಿಗೆ ಕನ್ನಡ ಓದಲು ಬಾರದು. ಆ ಧೈರ್ಯದಿಂದ ಎರಡು ಚೀಟಿಯಲ್ಲೂ "ಮತ್ತೆ ಮಾಡು" ಎಂದೇ ಬರೆದು, ಮಡಚಿ ದೇವರ ಮುಂದಿಟ್ಟೆ. ಅವಳು ಕಣ್ಣು ಮುಚ್ಚಿ ಒಂದನ್ನು ಎತ್ತಿದಳು. ನಾನೇ ಅದನ್ನು ಗಂಭೀರವಾಗಿ ಓದಿ ಹೇಳಿ, ಮಂಗಳಾರತಿಗೆ ಕರ್ಪೂರ ಹುಡುಕಲು ಹೋದೆ. ಬಂದು ನೋಡಿದರೆ ಎರಡೂ ಚೀಟಿ ಬಿಚ್ಚಿಟ್ಟು, ಮೇಲೆ ಅನುವಾದದ ಆ್ಯಪ್ ತೆರೆದ ಫೋನು ಹಿಡಿದು, ಇಂಗ್ಲಿಷಿನಲ್ಲಿ ಓದುತ್ತಿದ್ದಾಳೆ.

"ಅಮ್ಮ," ಎಂದಳು, "ದೇವ್ರಿಗೂ ನೀನು ಚಾಯ್ಸ್ ಕೊಟ್ಟಿಲ್ವಲ್ಲ."