ಮಳವಳ್ಳಿಯ ಖಾಲಿ ಕುರ್ಚಿ

ಮಂಡ್ಯಕ್ಕೆ ಬಂದ ದಿನ ಬೀಗದ ಕೈ ಕೊಡುತ್ತಾ ಮನೆಯೊಡತಿ ನಿಂಗಮ್ಮ ಕೇಳಿದರು: “ನೀನೇ ಏನಮ್ಮ ಆಫೀಸ್ ಮುಚ್ಸಾಕೆ ಬಂದಿರೋಳು?”

ನಮ್ಮ ಬೀದರಿನಲ್ಲಿ ತರಕಾರಿ ಮಾರುವವರೂ ನನಗೆ ‘ರೀ’ ಅನ್ನುತ್ತಿದ್ದರು. ಇಲ್ಲಿ ಮೊದಲ ಮಾತಿಗೇ ಏಕವಚನ. ನನ್ನ ಕೆಲಸವೂ ಅಕ್ಕರೆ ಹುಟ್ಟಿಸುವಂಥದ್ದಲ್ಲ ಬಿಡಿ: ಬಜೆಟ್ಟಿನಲ್ಲಿ ಹೇಳಿದ್ದು ಜನರಿಗೆ ತಲುಪಿತೇ ಎಂದು ನೋಡುವುದು, ತಲುಪಿಸದ ಕಚೇರಿಗಳನ್ನು ಸರಿಪಡಿಸಲು ಇಲ್ಲವೇ ಮುಚ್ಚಲು ಶಿಫಾರಸು ಮಾಡುವುದು. ಹುದ್ದೆ ದೊಡ್ಡದು. ಆದರೂ ನಾನು ಒಳಗೆ ಕಾಲಿಟ್ಟರೆ ಮಂಡ್ಯದ ಕಚೇರಿಯವರು ಮುಖ ತಿರುಗಿಸುತ್ತಿದ್ದರು. ಕೇಳಿದ ಕಡತ ಸಿಗುತ್ತಿರಲಿಲ್ಲ. ನಿಂಗಮ್ಮ ಮಾತ್ರ ಬೈಯುತ್ತಲೇ ಮುದ್ದೆ, ಉಪ್ಸಾರು ಕೊಡುತ್ತಿದ್ದರು. ಸೊಪ್ಪು ಬೇಯಿಸಿ ಬಸಿದ ಉಪ್ಪುನೀರಿಗೆ ಖಾರ ಕಲಸಿಕೊಂಡರೆ ಉಪ್ಸಾರು. “ಮುದ್ದೆ ಅಗೀಬಾರ್ದು ಕಣಮ್ಮ, ನುಂಗು!” ಜೋಳದ ರೊಟ್ಟಿ ಅಗಿದು ಬೆಳೆದ ನನಗೆ ಅದು ಗಂಟಲಲ್ಲೇ ನಿಲ್ಲುತ್ತಿತ್ತು.

ಮುಚ್ಚಬೇಕಾದ ಕಚೇರಿಗಳ ಪಟ್ಟಿಯಲ್ಲಿ ಮಳವಳ್ಳಿಯ ಒಂದು ಸಣ್ಣ ಕಚೇರಿಯಿತ್ತು. ಅಲ್ಲಿಗೆ ಅರ್ಜಿಗಳೇ ಬರುವುದಿಲ್ಲವೆಂದು ವರದಿ. ಯಾರಿಗೂ ಹೇಳದೆ ಬಸ್ಸು ಹತ್ತಿ ಹೋದೆ. ಹೊರಗೆ ಬಿಸಿಲಲ್ಲಿ ಜನರ ಸಾಲು. ಒಳಗೆ ಅಧಿಕಾರಿಯ ಕುರ್ಚಿ ಖಾಲಿ. ಶಿವನಸಮುದ್ರದ ಕಡೆಯ ಹೆಂಗಸೊಬ್ಬಳು ನನ್ನನ್ನೂ ಅರ್ಜಿ ಕೊಡಲು ಬಂದವಳೆಂದುಕೊಂಡು ಗದರಿದಳು: “ಸಾಲ್ನಲ್ಲಿ ಇಂದಕ್ಕೋಗಿ ನಿಂತ್ಕೊಮ್ಮಿ. ನಾನು ನಾಕ್ನೇ ಸಲ ಬತ್ತಿರೋದು. ಸಾಯೇಬ್ರು ಮಂಡ್ಯದಲ್ಲೇ ಇರ್ತಾರೆ. ಅರ್ಜಿ ಇಸ್ಕೊಳೋರೇ ಇಲ್ಲ.”

ಕಚೇರಿ ಮುಚ್ಚುವುದು ಬೇಡ, ಅಧಿಕಾರಿ ದಿನವೂ ಅಲ್ಲೇ ಕೂರಲಿ ಎಂದು ಬರೆದೆ. ಆದೇಶವಾಯಿತು. ಆ ಅಧಿಕಾರಿ ನಿಂಗಮ್ಮನ ಅಳಿಯನೆಂದು ತಿಳಿದದ್ದು ಅಂದು ಸಂಜೆ, ನಿಂಗಮ್ಮನೇ ನನ್ನ ಬಾಗಿಲಿಗೆ ಬಂದು ನಿಂತಾಗ.

“ಮುಚ್ಚುದ್ರೆ ಅವ್ನು ಮಂಡ್ಯದಲ್ಲೇ ಇರ್ತಿದ್ದ, ಈಗ ಹೆಂಡ್ತಿ ಇಲ್ಲಿ, ಅವ್ನು ಅಲ್ಲಿ. ನಮ್ಮನೆ ಮುದ್ದೆ ತಿಂದು ನನ್ ಮಗಳ ಸಂಸಾರಕ್ಕೇ ಕಲ್ಲಾಕ್ದಲ್ಲ!”

“ಅಮ್ಮಾ, ಮಂದಿ ಬಿಸಿಲಾಗ ನಿಂತಿದ್ರು.”

“ಆ ಮಂದಿ ಕೊಟ್ರಾ ನಿಂಗೆ ಮನೆಯ? ಕಾಲಿ ಮಾಡು.”

ಸುದ್ದಿ ಹಬ್ಬಿ, ಮಂಡ್ಯದಲ್ಲಿ ಬೇರೆ ಮನೆ ಯಾರೂ ಕೊಡಲಿಲ್ಲ. ಮದ್ದೂರಿನಲ್ಲಿ ಒಂದು ಕೋಣೆ ಹಿಡಿದೆ. ಮಳವಳ್ಳಿಗೆ ಇನ್ನೊಮ್ಮೆ ಹೋದಾಗ ಅಳಿಯ ಕುರ್ಚಿಯಲ್ಲಿದ್ದ, ನನ್ನ ಮುಖ ನೋಡಲಿಲ್ಲ. ಜನರಿಂದ ಇಸಿದುಕೊಂಡ ಅರ್ಜಿಗಳು ಮಾತ್ರ ಕಟ್ಟುಕಟ್ಟಾಗಿ ಅವನ ಮುಂದಿದ್ದವು. ಅಂದು ಒಬ್ಬಳೇ ಕಾಫಿ ಕುಡಿದು ಸಂಭ್ರಮಿಸಿದೆ.

ರಜೆಗೆ ಬೀದರಿಗೆ ಹೋದಾಗ ಅವ್ವನ ಒಂದು ದಾಖಲೆಗಾಗಿ ತಮ್ಮನೊಂದಿಗೆ ಕಚೇರಿಯೊಂದಕ್ಕೆ ಹೋದೆ. ಗುಮಾಸ್ತ ತಲೆಯೆತ್ತದೆ “ನಾಳಿ ಬರ್ರಿ” ಎಂದ. ಮೇಜು ಕುಟ್ಟಿ ಜಗಳಕ್ಕೆ ನಿಂತೆ. ತಮ್ಮ ನಾಚಿ ನನ್ನ ತೋಳು ಹಿಡಿದ.

“ನಡಿ ಅಕ್ಕಾ, ನಾಳಿ ಬರೋಣು. ನಾವು ಇಲ್ಲೇ ಇರೋರು, ಮತ್ತ ಇವರ ಮುಂದೇ ನಿಲ್ಲೋರು. ನೀ ಹೋಗಾಕಿ.”

ಅವನ ಹಿಂದೆ ಹೊರಗೆ ಬಂದೆ. ಮರುದಿನ ಮದ್ದೂರಿಗೆ ಮರಳುವ ಟಿಕೆಟ್ ನನ್ನ ಚೀಲದಲ್ಲೇ ಇತ್ತು.